ಅರ್ಧ ಪುಸ್ತಕ ಕೊಡದ ಮನುಷ್ಯ

ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕು ಎನ್ನುತ್ತಾರೆ. ಆಡೋಣ, ಅದಕ್ಕೇನಂತೆ. ಆದರೆ ಈ ಮನುಷ್ಯನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅದನ್ನು ಮೊದಲು ಹೊರಗೆ ಹಾಕದೆ ಒಳ್ಳೆಯ ಮಾತು ಬಾಯಿಗೆ ಬರುವ ಹಾಗೂ ಇಲ್ಲ. ಮೊನ್ನೆ ಅವರ ವೈಕುಂಠ ಸಮಾರಾಧನೆಗೆ ಹೋಗಿದ್ದೆ. ಹಾರ ಹಾಕಿದ ಫೋಟೋದಲ್ಲೂ ಅದೇ ಮುಖ. ತುಟಿ ಬಿಗಿದು, ಕನ್ನಡಕದ ಮೇಲಿಂದ ನೋಡುತ್ತಾ, ನೀನು ಏನಾದ್ರೂ ಹೇಳ್ಕೋ, ನಾನು ಮಾಡೋದು ಹೀಗೇ ಅನ್ನುವಂಥ ಮುಖ. ಕೈ ಮುಗಿದೆ. ಮುಗಿಯುವಾಗಲೂ ಒಳಗೊಳಗೇ ಜಗಳ ಆಡುತ್ತಿದ್ದೆ.

ಶಿವಾಜಿನಗರದಲ್ಲಿ, ಹಳೇ ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಕನ್ನಡ ಪುಸ್ತಕಗಳನ್ನು ಮೊಬೈಲು, ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳುವಂತೆ ಮಾಡಿಕೊಡುವುದು ನಮ್ಮ ಕೆಲಸ. ಕೇಳಲು ಸುಲಭ. ಪ್ರಕಾಶಕರು ಕೊಡುವ ಪುಸ್ತಕಗಳು ಹಳೇ ಫಾಂಟಿನಲ್ಲಿರುತ್ತವೆ. ತೆರೆಯ ಮೇಲೆ ಕನ್ನಡ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದನ್ನು ಸರಿಯಾದ ಕನ್ನಡಕ್ಕೆ ತಿರುಗಿಸಲು ಒಂದು ಪ್ರೋಗ್ರಾಂ ಇದೆ. ಅದು ತಿರುಗಿಸಿದ ಮೇಲೂ ಒತ್ತಕ್ಷರಗಳು ಎಲ್ಲೆಲ್ಲೋ ಹಾರಿ, ಕರ್ನಾಟಕ ಹೋಗಿ ‘ಕನರ್ಾಟಕ’ ಆಗಿ ಕೂತಿರುತ್ತದೆ. ಮೊಬೈಲು ಅದನ್ನು ಓದಿದರೆ ಯಾರೋ ಬಾಯಲ್ಲಿ ಬೋಂಡ ಇಟ್ಟುಕೊಂಡು ಮಾತಾಡಿದಂತೆ ಕೇಳುತ್ತದೆ. ಹಾಗಾಗಿ ಪ್ರತಿ ಸಾಲನ್ನೂ ಮನುಷ್ಯರೇ ಕೂತು ತಿದ್ದಬೇಕು. ತಿದ್ದುತ್ತಿದ್ದವರು ಇಬ್ಬರು, ಅವರು ಮತ್ತು ನಾನು.

ಅವರು ಒಂದು ಸರ್ಕಾರಿ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದು ನಿವೃತ್ತರಾದವರು. ಕೆ.ಆರ್. ಪುರದ ಹತ್ತಿರ ಮನೆ. ಹೆಂಡತಿ ಹಾಕಿಕೊಟ್ಟ ಡಬ್ಬಿ ಹಿಡಿದು ದಿನಾ ಮೆಟ್ರೋದಲ್ಲಿ ಬರುತ್ತಿದ್ದರು. ಕೆಳಗಿನ ಅಂಗಡಿಯ ಸಾಹೇಬರು ಅವರನ್ನು ‘ಮಾಸ್ಟರ್ ಸಾಬ್’ ಎನ್ನುತ್ತಿದ್ದರು, ನಾನು ‘ಸರ್’ ಎನ್ನುತ್ತಿದ್ದೆ. ಬೆನ್ನ ಹಿಂದೆ ಏನನ್ನುತ್ತಿದ್ದೆ ಅನ್ನುವುದು ಬೇಡ. ಅವರಿಗೆ ಮುಚ್ಚುವ ಚಟವಿತ್ತು. ಪೆನ್ನಿಗೆ ಕ್ಯಾಪು ಹಾಕದೆ ಫೋನ್ ಎತ್ತುತ್ತಿರಲಿಲ್ಲ. ಟೀ ಕುಡಿದ ಮೇಲೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಮತ್ತೆ ಒಂದು ಸಲ ತಿರುಗಿಸಿ ನೋಡುತ್ತಿದ್ದರು. ಸಂಜೆ ಮೆಟ್ಟಿಲು ಇಳಿದು ರಸ್ತೆಗೆ ಬಂದವರು, ನಲ್ಲಿ ನಿಲ್ಲಿಸಿದೆನೋ ಇಲ್ಲವೋ ಎಂದು ಮತ್ತೆ ಹತ್ತಿ ಹೋಗುತ್ತಿದ್ದರು. ನಾನು ಬಸ್ಸು ತಪ್ಪಿಸಿಕೊಂಡು ಕೆಳಗೆ ಹಲ್ಲು ಕಡಿಯುತ್ತಾ ನಿಂತಿರುತ್ತಿದ್ದೆ.

ಆ ಚಟ ಕಾರ್ಖಾನೆಯಲ್ಲಿ ಅಂಟಿದ್ದಂತೆ. ಆಗಿನ ಪ್ರೋಗ್ರಾಮುಗಳಲ್ಲಿ ಫೈಲಿಗೆ ಬರೆದು ಕ್ಲೋಸ್ ಮಾಡದೆ ಎದ್ದರೆ ಕೊನೆಯ ಸಾಲುಗಳು ಒಳಗೆ ಸೇರದೆ ಕಳೆದುಹೋಗುತ್ತಿದ್ದವು. ‘ಬರೆದ ಕೂಡ್ಲೇ ಬಾಗ್ಲು ಹಾಕು, ಆಮೇಲೆ ಮಿಕ್ಕಿದ್ದು’ ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು.

ಪಾಠ ಹೇಳುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ನಾನು ಸೇರಿದ ಹೊಸದರಲ್ಲಿ ಪ್ರೋಗ್ರಾಮಿನಲ್ಲಿ ಒಂದು ಎಡವಟ್ಟು ಮಾಡಿದ್ದೆ. ತಿದ್ದಿದ ಸಾಲುಗಳನ್ನೆಲ್ಲ ಮೊದಲು ಕಂಪ್ಯೂಟರಿನ ನೆನಪಿನಲ್ಲಿ, ಸ್ಟ್ರಿಂಗ್ ಸ್ಟ್ರೀಮ್ ಎಂಬುದರೊಳಗೆ ಕೂಡಿಟ್ಟುಕೊಳ್ಳುವುದು ಅವರ ಪದ್ಧತಿ. ನಾನು ಅದನ್ನು ಶುರು ಮಾಡುವಾಗಲೇ ಪುಸ್ತಕದ ಹೆಸರನ್ನು ಒಳಗೆ ಕೊಟ್ಟೆ, ಆಮೇಲೆ ಮೊದಲ ಅಧ್ಯಾಯ ಬರೆಸಿದೆ. ನೋಡಿದರೆ ಪುಸ್ತಕದ ಹೆಸರೇ ನಾಪತ್ತೆ! ಅಧ್ಯಾಯ ಬಂದು ಹೆಸರಿನ ಮೇಲೆಯೇ ಕೂತುಬಿಟ್ಟಿತ್ತು.

ಅವರು ಬೈಯಲಿಲ್ಲ. ಮೇಜಿನ ಖಾನೆಯಿಂದ ಮಕ್ಕಳ ಸ್ಲೇಟು ತೆಗೆದರು. ಅದರ ಮೇಲೆ ನನ್ನ ಹೆಸರು ಬರೆದರು. ಬಳಪ ನನ್ನ ಕೈಗೆ ಕೊಡುವ ಮೊದಲೇ ಅಂಗೈಯಿಂದ ಪೂರ್ತಿ ಒರೆಸಿಬಿಟ್ಟರು. ‘ಇದು ಡಬ್ಲ್ಯು ಮೋಡು. ನೀನು ಒಂದಕ್ಷರಾನೂ ಬರೀಬೇಡ, ಸುಮ್ನೆ ಫೈಲ್ ತೆಗಿ ಸಾಕು, ಇದ್ದಿದ್ದೆಲ್ಲಾ ಹೋಯ್ತು’ ಎಂದರು. ಮತ್ತೆ ನನ್ನ ಹೆಸರು ಬರೆದು, ಈ ಸಲ ನನ್ನ ಕೈ ಹಿಡಿದು ಬರಹದ ಕೊನೆಗೆ ಒಯ್ದು ಇಟ್ಟರು. ಇದು ಎ ಮೋಡು, ಹಳೆಯದು ಹಾಗೇ ಇರುತ್ತದೆ, ಹೊಸದು ಕೊನೆಗೆ ಸೇರುತ್ತದೆ. ಮೂರನೆಯ ಸಲ ಬಳಪವನ್ನು ನನ್ನ ಹೆಸರಿನ ಮೊದಲ ಅಕ್ಷರದ ಮೇಲೇ ಇಟ್ಟು ಬರಿ ಎಂದರು. ಬರೆದೆ. ಹೊಸ ಅಕ್ಷರ ಬಿದ್ದಲ್ಲಿ ಹಳೆಯದು ಹಾಳಾಯಿತು, ಮಿಕ್ಕದ್ದು ಉಳಿಯಿತು. ನೆನಪಿನ ಸ್ಟ್ರೀಮಿಗೆ ಮೊದಲೇ ಏನಾದರೂ ಕೊಟ್ಟರೆ ಅದು ಒರೆಸುವುದೂ ಇಲ್ಲ, ಕೊನೆಗೆ ಹೋಗುವುದೂ ಇಲ್ಲ, ಅದರ ಬಳಪ ಶುರುವಿನಲ್ಲೇ ಕೂತಿರುತ್ತದೆ, ಕೊನೆಗೆ ಹೋಗು ಎಂದು ನಾವೇ ಹೇಳಬೇಕು. ಆ ಸ್ಲೇಟಿನಿಂದ ಕಲಿತದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಇಷ್ಟು ತಿಳಿದ ಮನುಷ್ಯ ಫೈಲಿಗೆ ಬರೆಯಲು ಮಾತ್ರ ಒಪ್ಪುತ್ತಿರಲಿಲ್ಲ ನೋಡಿ, ನಮ್ಮ ಜಗಳವೆಲ್ಲ ಅಲ್ಲೇ. ನಾನು ಸೇರುವ ಮೊದಲು, ಪೂರ್ತಿ ತಿದ್ದಿಟ್ಟ ವಿಜ್ಞಾನದ ಪುಸ್ತಕವನ್ನು ಯಾರೋ ಸುಮ್ಮನೆ ನೋಡೋಣ ಎಂದು ಡಬ್ಲ್ಯು ಹಾಕಿ ತೆಗೆದು ಬರಿದು ಮಾಡಿದ್ದರಂತೆ. ಸರಿ, ಎ ಹಾಕೋಣ ಎಂದರೆ ಅದಕ್ಕೂ ಒಂದು ಕತೆ. ಪ್ರೋಗ್ರಾಮನ್ನು ಮರೆತು ಎರಡು ಸಲ ಓಡಿಸಿದ್ದಕ್ಕೆ ಒಂದೇ ಅಧ್ಯಾಯ ಎರಡು ಸಲ ಸೇರಿ, ಹಾಗೇ ಬ್ರೈಲ್ ಅಚ್ಚಾಗಿ ಹೋಗಿತ್ತು. ಇನ್ನೊಮ್ಮೆ ಅರ್ಧ ಮುಗಿದ ಅರ್ಥಶಾಸ್ತ್ರ ಒಬ್ಬ ಪಿಯುಸಿ ಹುಡುಗನ ಕೈ ಸೇರಿ, ಅವನು ಅದನ್ನೇ ಪೂರ್ತಿ ಪುಸ್ತಕ ಅಂದುಕೊಂಡು ಪರೀಕ್ಷೆಗೆ ಹೋಗಿದ್ದ. ಇದೆಲ್ಲ ಆದ ಮೇಲೆ ಅವರು ಒಂದು ಕಾನೂನು ಮಾಡಿಕೊಂಡರು. ಇಡೀ ಪುಸ್ತಕ ಸರಿಯಾಗುವ ತನಕ ನೆನಪಿನಲ್ಲೇ ಇರಬೇಕು. ಕೊನೆಯ ಸಾಲು ತಿದ್ದಿದ ಮೇಲೆ ಒಂದೇ ಏಟಿಗೆ ಫೈಲು. ಅರ್ಧ ಪುಸ್ತಕ ಹೊರಗೆ ಹೋಗುವಂತಿಲ್ಲ. ಅಷ್ಟು ದಿನವೂ ಅವರ ಕಂಪ್ಯೂಟರು ಆಫ್ ಆಗುತ್ತಿರಲಿಲ್ಲ. ಕರೆಂಟು ಹೋದರೂ ಅದು ನಿಲ್ಲದಂತೆ ಇಟ್ಟಿದ್ದ ಯುಪಿಎಸ್ಸಿನ ಪಕ್ಕ ದೇವರ ಮನೆಗೆ ಕಟ್ಟಿದ ಹಾಗೆ ಒಂದು ದಾರ ಕಟ್ಟಿ, ಆಚೆ ಯಾರೂ ಕಾಲಿಡಬಾರದು ಎಂದಿದ್ದರು.

ಅಧ್ಯಾಯಕ್ಕೊಂದು ಫೈಲು ಮಾಡಿ ಸರ್ ಎಂದು ಬೇಡಿಕೊಂಡೆ. ದಿನದ ಕೊನೆಗೆ ಒಂದು ನಕಲಾದರೂ ಇಡಿ ಎಂದೆ. ನಕಲು ಇದ್ದರೆ ಅದನ್ನೇ ಯಾರಾದರೂ ಅಸಲು ಅಂದುಕೊಂಡು ಕಳಿಸುತ್ತಾರೆ ಎನ್ನುತ್ತಿದ್ದರು. ಒಂದು ತಪ್ಪಿಗೆ ಹೆದರಿ ಇನ್ನೊಂದು ತಪ್ಪಿನ ತೊಡೆಯ ಮೇಲೆ ಹೋಗಿ ಕೂತವರಿಗೆ ಏನು ಹೇಳುವುದು? ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು.

ಆ ಹೊತ್ತಿಗೆ ಮಹಾದೇವಿ ಬಂದಳು. ಯಾದಗಿರಿ ಕಡೆಯ ಹುಡುಗಿ, ಹುಟ್ಟಿನಿಂದ ಕಣ್ಣು ಕಾಣದು, ಡಿಗ್ರಿ, ಬಿ.ಎಡ್. ಮುಗಿಸಿದ್ದಳು. ಅಣ್ಣ ಸೆಕ್ಯೂರಿಟಿ ಕೆಲಸಕ್ಕೆ ಇಲ್ಲಿಗೆ ಬಂದಿದ್ದ, ಅವನ ಮತ್ತು ಅತ್ತಿಗೆಯ ಜೊತೆ ಕಗ್ಗದಾಸಪುರದಲ್ಲಿ ಒಂದು ಬಾಡಿಗೆ ರೂಮಿನಲ್ಲಿದ್ದಳು. ಶಿಕ್ಷಕರ ನೇಮಕಾತಿ ಪರೀಕ್ಷೆ ಹತ್ತಿರವಿತ್ತು. ಅವಳಿಗೆ ಬೇಕಾದದ್ದು ಕರ್ನಾಟಕ ಇತಿಹಾಸದ ಒಂದು ದಪ್ಪ ಪುಸ್ತಕ. ಓದಿ ಹೇಳಲು ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ, ಅತ್ತಿಗೆಗೆ ಅಕ್ಷರ ಬಾರದು. ಈ ಕೆಲಸ ಸಿಕ್ಕರೆ ಊರಲ್ಲೇ ಶಾಲೆಯ ಟೀಚರು, ಸಿಗದಿದ್ದರೆ ಆ ರೂಮಿನ ಮೂಲೆ, ಅಷ್ಟೇ ಎಂದು ಅವಳೇ ನಗುತ್ತಾ ಹೇಳಿದ್ದಳು. ಅವರು ಪುಸ್ತಕವನ್ನು ತಾವೇ ಕೈಗೆತ್ತಿಕೊಂಡರು. ನನಗೆ ಶಾಲೆಯೊಂದರ ಪಠ್ಯದ ಕೆಲಸ ಕೊಟ್ಟು ಬೇರೆ ಕಡೆ ಕೂರಿಸಿದ್ದರು.

ಮಹಾದೇವಿ ಫೋನ್ ಮಾಡಿದಾಗಲೆಲ್ಲ ಎತ್ತುತ್ತಿದ್ದವಳು ನಾನು. ಎಷ್ಟು ಆಗಿದೆಯೋ ಅಷ್ಟು ಕಳಿಸಬಹುದೇ ಎಂದು ಮೆತ್ತಗೆ ಕೇಳುತ್ತಿದ್ದಳು. ನಾನು ಹೋಗಿ ಅವರ ಮುಂದೆ ನಿಲ್ಲುತ್ತಿದ್ದೆ. ಅವರು ತಲೆ ಎತ್ತದೆ, ಕದಂಬರಿಗೆ ಬಂದಿದ್ದೇನೆ, ಚಾಲುಕ್ಯರಿಗೆ ಬಂದಿದ್ದೇನೆ ಎನ್ನುತ್ತಿದ್ದರು, ಬಸ್ ಸ್ಟಾಪುಗಳ ಹೆಸರು ಹೇಳಿದ ಹಾಗೆ. ಕೊನೆಗೂ ಒಂದು ಮಧ್ಯಾಹ್ನ, ಪರೀಕ್ಷೆಗೆ ಇನ್ನೂ ಕೆಲವು ವಾರ ಇರುವಾಗಲೇ, ‘ಮುಗೀತು ಕಣಮ್ಮಾ’ ಎಂದು ಕರೆದರು. ಹೋಗಿ ಪಕ್ಕದಲ್ಲಿ ನಿಂತೆ. ನಿಜವಾಗಿಯೂ ಖುಷಿಯಾಗಿತ್ತು. ಎಲ್ಲ ಸಾಲುಗಳೂ ನೆನಪಿನಲ್ಲಿ ಸಾಲಾಗಿ ಕೂತಿದ್ದವು. ಇನ್ನು ಅದರ ಬರಹವನ್ನು ತೆಗೆದು ಫೈಲಿಗೆ ಹಾಕುವುದೊಂದೇ ಬಾಕಿ.

ಅವರು ಕೈ ಮೇಲೆತ್ತಿ ಮೈ ಮುರಿದರು. ಸಮಾಧಾನದ ಉಸಿರು ಬಿಟ್ಟರು. ಆಮೇಲೆ, ಪೆನ್ನಿಗೆ ಕ್ಯಾಪು ಹಾಕುವಷ್ಟೇ ಸಹಜವಾಗಿ, ಸ್ಟ್ರೀಮನ್ನು ಕ್ಲೋಸ್ ಮಾಡಿದರು.

ನಾನು ‘ಸರ್’ ಅನ್ನುವಷ್ಟರಲ್ಲಿ ಎಂಟರ್ ಒತ್ತಿ ಆಗಿತ್ತು. ಫೈಲನ್ನು ಕ್ಲೋಸ್ ಮಾಡಿದರೆ ಬರೆದದ್ದು ಡಿಸ್ಕಿನಲ್ಲಿ ಭದ್ರ. ನೆನಪಿನ ಸ್ಟ್ರೀಮನ್ನು ಕ್ಲೋಸ್ ಮಾಡಿದರೆ ಅದರೊಳಗಿನದು ಇಲ್ಲವೇ ಇಲ್ಲ. ಅದನ್ನು ನನಗೆ ಕಲಿಸಿದವರೂ ಅವರೇ. ಬರಹವನ್ನು ಕೊಡು ಎಂದು ಕಂಪ್ಯೂಟರನ್ನು ಕೇಳಿದರು. ಮುಚ್ಚಿಹೋಗಿದೆ ಎಂದು ಒಂದು ಕೆಂಪು ಸಾಲು ಬಂತು. ಮತ್ತೆ ಕೇಳಿದರು. ಮತ್ತೆ ಅದೇ ಸಾಲು. ಕೆಳಗೆ ಅಂಗಡಿಯಲ್ಲಿ ಯಾವುದೋ ಸೈಲೆನ್ಸರನ್ನು ಸುತ್ತಿಗೆಯಿಂದ ಬಡಿಯುತ್ತಿದ್ದರು. ಹಳೇ ಫಾಂಟಿನ ಮೂಲ ಇತ್ತು, ಅದನ್ನು ಪ್ರೋಗ್ರಾಂ ಕ್ಷಣದಲ್ಲಿ ತಿರುಗಿಸಿಕೊಡುತ್ತಿತ್ತು. ಹೋದದ್ದು ಅವರು ಅಷ್ಟು ದಿನ ಕೂತು ಕೈಯಾರೆ ತಿದ್ದಿದ್ದು.

ನನಗೆ ತಡೆಯಲಾಗಲಿಲ್ಲ. ‘ಒಂದೇ ಒಂದ್ ಸಲ ಫೈಲಿಗೆ ಬರೆದಿಟ್ಟಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು ಸರ್? ಎಷ್ಟ್ ಸಲ ಹೇಳ್ದೆ ನಾನು?’ ಎಂದು ಕೂಗಿದೆ. ಆಚೆ ರೂಮಿನಲ್ಲಿ ಬ್ರೈಲ್ ಅಚ್ಚು ಹಾಕುವವರೆಲ್ಲ ಬಂದು ಬಾಗಿಲಲ್ಲಿ ನಿಂತರು.

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ‘ನನ್ ಪದ್ಧತಿ ಸರಿ ಇದೆ. ಕೈ ತಪ್ತು, ಅಷ್ಟೇ’ ಎಂದರು. ನನ್ನ ಮೈ ಉರಿದುಹೋಯಿತು. ಅತ್ತಿದ್ದರೆ, ತಪ್ಪಾಯಿತು ಎಂದಿದ್ದರೆ, ಅಲ್ಲಿಗೆ ಬಿಡುತ್ತಿದ್ದೆ. ಅವರು ಡಬ್ಬಿ ಮುಚ್ಚಿ, ಆ ದಪ್ಪ ಪುಸ್ತಕವನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟರು. ಆ ದಿನ ನಲ್ಲಿ ನೋಡಲು ವಾಪಸು ಬರಲಿಲ್ಲ.

ಎಲ್ಲಿಗೆ ಹೋದರು ಅನ್ನುವುದು ಮಹಾದೇವಿಯ ಫೋನಿನಿಂದ ತಿಳಿಯಿತು. ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಇಳಿದು, ಆಟೋದವರು ಯಾರೂ ಬಾರದಿದ್ದಕ್ಕೆ ನಡೆದುಕೊಂಡೇ ರೈಲ್ವೆ ಗೇಟು ದಾಟಿ, ಕೇಳಿಕೊಂಡು ಕೇಳಿಕೊಂಡು ಅವಳ ರೂಮಿಗೆ ಹೋಗಿದ್ದರು. ನಿನ್ನ ಪುಸ್ತಕ ನನ್ನ ಕೈಯಲ್ಲಿ ಹೋಯಿತು, ಮತ್ತೆ ತಿದ್ದುವಷ್ಟು ದಿನ ಇಲ್ಲ, ದಿನಾ ಸಂಜೆ ಬಂದು ನಾನೇ ಓದಿ ಹೇಳುತ್ತೇನೆ ಎಂದರಂತೆ. ಅತ್ತಿಗೆ ಕುರ್ಚಿ ಇಲ್ಲವೆಂದು ನಾಚಿಕೊಂಡು, ನೀರಿನ ಕ್ಯಾನು ಬೋರಲು ಹಾಕಿ ಅದರ ಮೇಲೆ ಟವೆಲು ಹಾಸಿ ಕೂರಿಸಿದಳಂತೆ. ಅವತ್ತಿನಿಂದ ಪರೀಕ್ಷೆಯ ಹಿಂದಿನ ದಿನದವರೆಗೆ ಅದೇ ಅವರ ಕುರ್ಚಿ.

ನಾನೂ ಒಮ್ಮೆ ಅಲ್ಲಿಗೆ ಹೋಗಿದ್ದೆ. ಅಯ್ಯೋ, ಅವರು ಓದುವ ಚಂದವೇ! ಒಂದು ಸಾಲು ಓದುವುದು, ಇದನ್ನು ಬರೆದವನಿಗೆ ಬುದ್ಧಿ ಇಲ್ಲ ಎನ್ನುವುದು, ಅದನ್ನು ತಾವೇ ಸರಿ ಮಾಡಿ ಹೇಳುವುದು, ಮಹಾದೇವಿ ಹೇಳಿ ಒಪ್ಪಿಸುವ ತನಕ ಮುಂದಿನ ಸಾಲಿಗೆ ಹೋಗದಿರುವುದು. ಅತ್ತಿಗೆ ರೊಟ್ಟಿ ತಟ್ಟುತ್ತಲೇ ಇಮ್ಮಡಿ ಪುಲಕೇಶಿಯ ಬಗ್ಗೆ ಪ್ರಶ್ನೆ ಕೇಳಿದರೆ ಅದಕ್ಕೂ ಸವಿಸ್ತಾರ ಉತ್ತರ. ಈ ವೇಗದಲ್ಲಿ ಪುಸ್ತಕ ಮುಗಿಯುವುದಿಲ್ಲ ಎಂದು ನನಗೆ ಕೂತಲ್ಲೇ ಗೊತ್ತಾಯಿತು. ವಾಪಸು ಬರುವಾಗ ಗೇಟಿನ ಹತ್ತಿರ ಗಾಡಿಗಳು ನಿಂತಿದ್ದವು, ನಾವೂ ನಿಂತೆವು. ಹೊಯ್ಸಳರನ್ನು ಬಿಟ್ಟು ಹಾರಿ ಸರ್, ಸ್ವಾತಂತ್ರ್ಯ ಹೋರಾಟ, ಏಕೀಕರಣ ಮೊದಲು ಮುಗಿಸಿ, ಪ್ರಶ್ನೆಗಳು ಅಲ್ಲಿಂದಲೇ ಜಾಸ್ತಿ ಬರುತ್ತವೆ ಎಂದು ಕೈ ಮುಗಿದೇ ಹೇಳಿದೆ. ‘ಮಧ್ಯದಲ್ಲಿ ಬಿಟ್ಟು ಹಾರೋದು ನಂಗೆ ಬರಲ್ಲಮ್ಮಾ’ ಎಂದರು. ರೈಲು ಹೋಯಿತು. ಸ್ಟೇಷನ್ನಿನವರೆಗೆ ನಾನು ಅವರಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದೆ.

ಪರೀಕ್ಷೆಯಾಯಿತು. ಫಲಿತಾಂಶ ಬಂದ ದಿನ ಅವರು ಕಚೇರಿಗೆ ಮೈಸೂರು ಪಾಕು ತಂದರು. ಹುಡುಗಿ ಪಾಸಾಗಿದ್ದಾಳೆ, ಫೋನಿನಲ್ಲಿ ಅವಳೇ ಹೇಳಿದಳು ಎಂದು ಕೆಳಗಿನ ಅಂಗಡಿಯ ಸಾಹೇಬರಿಗೂ ಹೋಗಿ ಕೊಟ್ಟು ಬಂದರು. ಪೋಸ್ಟಿಂಗು ಯಾವ ಊರಿಗೆ ಆಗಬಹುದು ಎಂದು ಇಡೀ ದಿನ ಚರ್ಚೆ. ನನ್ನ ಮೇಜಿನ ಹತ್ತಿರ ಬಂದಾಗ ಎರಡು ಚೂರು ಜಾಸ್ತಿ ಇಟ್ಟರು. ‘ನೋಡ್ದ್ಯಾ, ಬಿಟ್ಟು ಹಾರ್ದೇನೇ ಆಯ್ತು’ ಎಂದರು. ಎಲ್ಲವನ್ನೂ ತಿಂದೆ. ಆ ಪುಸ್ತಕವನ್ನು ಮತ್ತೆ ತಿದ್ದುವ ಮಾತು ಅಲ್ಲಿಗೆ ಬಿದ್ದುಹೋಯಿತು. ಬೇಕಾದವಳು ಪಾಸಾಗಿದ್ದಾಳೆ, ಬೇರೆ ಪುಸ್ತಕಗಳು ಕಾದಿವೆ ಎಂದು ಎಲ್ಲರೂ ಅಂದರು. ಅವರ ಪದ್ಧತಿಯೂ ಬದಲಾಗಲಿಲ್ಲ. ಮತ್ತೆ ನೆನಪು, ಮತ್ತೆ ಯುಪಿಎಸ್ಸು, ಮತ್ತೆ ಅದೇ ದಾರ. ಹಾಗೆ ಗೆದ್ದ ಠೀವಿಯಲ್ಲೇ ಓಡಾಡಿಕೊಂಡಿದ್ದವರು, ಒಂದು ಭಾನುವಾರ ಊಟ ಮಾಡಿ ಮಲಗಿದವರು, ಏಳಲಿಲ್ಲ.

ಸಮಾರಾಧನೆಗೆ ಮಹಾದೇವಿ ಅಣ್ಣನ ಜೊತೆ ಬಂದಿದ್ದಳು. ಅಣ್ಣ ಅಲ್ಲಿಂದಲೇ ಡ್ಯೂಟಿಗೆ ಹೋಗಬೇಕಿತ್ತು, ಅವಳನ್ನು ಮನೆ ತಲುಪಿಸಲು ನಾನೇ ಕರೆದುಕೊಂಡು ಹೊರಟೆ. ಮೆಟ್ರೋದಲ್ಲಿ ಸೀಟು ಸಿಕ್ಕಿತು. ಪೋಸ್ಟಿಂಗು ಯಾವಾಗ ಬರುತ್ತದಂತೆ ಎಂದು ಕೇಳಿದೆ. ಅವಳು ನನ್ನ ಮೊಣಕೈ ಹಿಡಿದಳು.

‘ಪಾಸಾಗಿಲ್ರಿ ಅಕ್ಕಾ.’

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಪ್ರಶ್ನೆಗಳು ಬಂದದ್ದು ಹೆಚ್ಚಿನವು ಕೊನೆಯ ಅಧ್ಯಾಯಗಳಿಂದ. ಸರ್ ಅಲ್ಲಿಗೆ ಬಂದಿರಲೇ ಇಲ್ಲ. ಇತಿಹಾಸದಲ್ಲೇ ಹೋಯಿತು. ‘ಸರ್ ಫೋನ್ ಹಚ್ಚಿ ಏನಾಯ್ತವ್ವಾ ಅಂತ ಕೇಳಿದ್ರು. ದಿನಾ ಅಷ್ಟು ದೂರದಿಂದ ಬಂದು ಕ್ಯಾನಿನ ಮ್ಯಾಲ ಕುಂತು ಓದ್ಯಾರ. ಅವ್ರಿಗೆ ಹ್ಯಾಂಗ ಹೇಳ್ಲಿ? ಆಯ್ತ್ರಿ ಸರ್ ಅಂದುಬಿಟ್ಟೆ.’

ಎಂಥಾ ಸಂಕಟ ನನ್ನದು! ನಾನು ಹೇಳಿದ್ದೇ ನಿಜವಾಗಿತ್ತು, ಅದನ್ನು ಯಾರ ಮುಂದೆ ಹೇಳಲಿ? ಆ ಮನುಷ್ಯ ಮೈಸೂರು ಪಾಕು ಹಂಚಿ, ಗೆದ್ದೆನೆಂದು ನಂಬಿಕೊಂಡೇ ಹೋಗಿಬಿಟ್ಟಿದ್ದರು. ಅವಳ ಮೇಲೂ ರೇಗಬೇಕೆನಿಸಿತು. ನೀನು ನಿಜ ಹೇಳಿದ್ದರೆ ಆ ಪುಸ್ತಕವನ್ನು ಇಷ್ಟೊತ್ತಿಗೆ ಮುಗಿಸಿರುತ್ತಿದ್ದೆವಲ್ಲೇ ಎಂದೆ. ಅವಳು ಹೌದ್ರಿ ಎಂದಳು. ಮತ್ತೆ ಪರೀಕ್ಷೆ ಕರೆದಿದ್ದಾರಂತೆ, ಬರೆಯುತ್ತಾಳಂತೆ, ಆಗುವಷ್ಟನ್ನು ಕಳಿಸುತ್ತಾ ಹೋದರೆ ಸಾಕಂತೆ.

ಮರುದಿನ ಬೇಗ ಹೋಗಿ ಅವರ ಕುರ್ಚಿಯಲ್ಲೇ ಕೂತೆ. ಮೊದಲ ಅಧ್ಯಾಯ ತೆಗೆದು ತಿದ್ದಿದೆ, ಫೈಲಿಗೆ ಬರೆದೆ, ಇನ್ನೊಂದು ಕಡೆ ನಕಲು ಇಟ್ಟೆ, ಅವಳಿಗೆ ಕಳಿಸಿದೆ. ಪುಸ್ತಕದ ಕಾಲು ಭಾಗವೂ ಅಲ್ಲ. ಕಳಿಸುವಾಗ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಒಂದು ಟೀ ಕುಡಿಯುವಷ್ಟರಲ್ಲಿ ಮಹಾದೇವಿಯ ಫೋನ್ ಬಂತು. ಫೈಲು ಚೆನ್ನಾಗಿ ಓದುತ್ತಿದೆ, ಒಂದಕ್ಷರ ತಪ್ಪಿಲ್ಲ ಎಂದಳು. ಆಮೇಲೆ ಏನೋ ಹೇಳಲು ಹಿಂಜರಿದಳು. ಹೇಳೇ ಎಂದೆ.

‘ಇದು ಬ್ಯಾಡ್ರಿ ಅಕ್ಕಾ. ಸರ್ ಓದಿದ್ದೆಲ್ಲಾ ನನಗ ಬಾಯಿಪಾಠ ಅದ, ಒಂದಕ್ಷರ ಮರ್ತಿಲ್ಲ. ಹೊಯ್ಸಳರು ಮುಗದಾರ. ಅಲ್ಲಿಂದ ಮುಂದಿಂದು ಕಳಿಸ್ರಿ.’